ಊರಿನ ತಂಡ, ದೇಶದ ತಂಡ

ಫುಟ್‌ಬಾಲ್ ಪ್ರೇಮಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಅಂಗಿಗಳಿರುತ್ತವೆ. ಒಂದು ಕ್ಲಬ್ಬಿನದು, ಇನ್ನೊಂದು ದೇಶದ್ದು. ಕ್ಲಬ್ಬಿನ ಅಂಗಿ ವಾರಕ್ಕೊಮ್ಮೆ ಹೊರಬರುತ್ತದೆ. ಒಗೆದು ಒಗೆದು ಅದರ ಬಣ್ಣ ಮಾಸಿರುತ್ತದೆ. ದೇಶದ ಅಂಗಿ ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಹೊರಬರುತ್ತದೆ. ಅದರ ಇಸ್ತ್ರಿಯ ಮಡಿಕೆ ಇನ್ನೂ ಹಾಗೆಯೇ ಇರುತ್ತದೆ. ಎರಡನ್ನೂ ತೊಡುವವನು ಒಬ್ಬನೇ. ಎರಡಕ್ಕೂ ನಾವು ಕೊಡುವ ಹೆಸರೂ ಒಂದೇ: ಅಭಿಮಾನ.

ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಮೊದಲು ಕಲಿಸುವ ಪಾಠಗಳಲ್ಲಿ ಒಂದು, ನಿಮಗೂ ಗೊತ್ತಿರಬಹುದು. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಎರಡು ಬಿಳಿ ಪುಡಿಗಳನ್ನು ಒಂದೇ ಪದಾರ್ಥವೆಂದು ನಂಬಬೇಡಿ, ಪರೀಕ್ಷಿಸಿ ನೋಡಿ ಎನ್ನುತ್ತಾರೆ. ಬಿ.ಎಸ್ಸಿ. ಮುಗಿಸಿ ದೂರದರ್ಶನದ ಕೆಲಸಕ್ಕೆ ಬಂದ ನನಗೆ ಆ ಪಾಠ ಇನ್ನೂ ಮರೆತಿಲ್ಲ. ಕ್ಲಬ್ಬಿನ ಮೇಲಿನ ಅಭಿಮಾನ, ದೇಶದ ಮೇಲಿನ ಅಭಿಮಾನ ಇವೆರಡೂ ಒಂದೇ ಪದಾರ್ಥವೇ? ಒಂದು ಇನ್ನೊಂದಕ್ಕೆ ಪೂರಕವೇ, ಇಲ್ಲ ವಿರೋಧವೇ? ಈ ಪ್ರಶ್ನೆಗೆ ಇತಿಹಾಸವೇ ಪ್ರಯೋಗಶಾಲೆ. ನಮ್ಮ ದೇಶದಲ್ಲಿ ಅದಕ್ಕೆ ಕಲ್ಕತ್ತ ನಗರಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಆ ಕಥೆಯಲ್ಲಿ ನಮ್ಮ ಕರ್ನಾಟಕದ ಪಾಲೂ ಇದೆ.

ದೇಶದ ತಂಡ ಇಲ್ಲದಿದ್ದ ಕಾಲ

1911ರ ಜುಲೈ 29. ಕಲ್ಕತ್ತದಲ್ಲಿ ಐ.ಎಫ್.ಎ. ಶೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯ. ಒಂದು ಕಡೆ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್. ಇನ್ನೊಂದು ಕಡೆ 1889ರಲ್ಲಿ ಸ್ಥಾಪನೆಯಾದ ಮೋಹನ್ ಬಗಾನ್ ಕ್ಲಬ್. ಸೈನಿಕರೆಲ್ಲರ ಕಾಲಲ್ಲಿ ಬೂಟುಗಳು. ಮೋಹನ್ ಬಗಾನಿನ ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟವರು ಸುಧೀರ್ ಚಟರ್ಜಿ ಒಬ್ಬರೇ. ಉಳಿದ ಹತ್ತು ಮಂದಿ ಬರಿಗಾಲಿನವರು. ಮೊದಲ ಗೋಲು ಸೈನಿಕರದ್ದು. ನಾಯಕ ಶಿಬ್‌ದಾಸ್ ಭಾದುರಿ ಅದನ್ನು ಸರಿದೂಗಿಸಿದರು. ಆಟ ಮುಗಿಯಲು ಸ್ವಲ್ಪ ಹೊತ್ತಿದ್ದಾಗ ಅಭಿಲಾಷ್ ಘೋಷ್ ಇನ್ನೊಂದು ಗೋಲು ಹೊಡೆದರು. 2–1ರಿಂದ ಮೋಹನ್ ಬಗಾನ್ ಗೆದ್ದಿತು. ಈ ಶೀಲ್ಡನ್ನು ಗೆದ್ದ ಮೊದಲ ಭಾರತೀಯ ತಂಡ ಅದು.

ಆ ದಿನ ಮೈದಾನಕ್ಕೆ ಹರಿದುಬಂದ ಜನಸಾಗರಕ್ಕೆ ಆಟ ಕಾಣಿಸುವುದೇ ಕಷ್ಟವಾಗಿತ್ತು. ಹಿಂದೆ ನಿಂತವರಿಗೆ ಗೋಲಿನ ಲೆಕ್ಕ ತಿಳಿಯಲೆಂದು ಗಾಳಿಪಟಗಳನ್ನು ಹಾರಿಸಲಾಯಿತಂತೆ. ಈಗಿನ ನೇರ ಪ್ರಸಾರದ ಅಜ್ಜ ಎಂದು ಆ ಗಾಳಿಪಟವನ್ನು ಕರೆಯಬಹುದು.

ಇಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಆಗ ಭಾರತಕ್ಕೆ ರಾಷ್ಟ್ರೀಯ ತಂಡವಿರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹುಟ್ಟಿದ್ದೇ 1937ರಲ್ಲಿ. ದೇಶ ಪರಾಧೀನವಾಗಿತ್ತು, 1905ರ ಬಂಗಾಳ ವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. ಇಂಥ ಹೊತ್ತಿನಲ್ಲಿ ಒಂದು ಬಡಾವಣೆಯ ಕ್ಲಬ್ಬು, ಇಲ್ಲದಿದ್ದ ದೇಶದ ತಂಡದ ಕೆಲಸವನ್ನು ಮಾಡಿತು. ಅಂದು ಮೋಹನ್ ಬಗಾನಿಗೆ ಜಯಕಾರ ಹಾಕಿದವನಿಗೆ ಕ್ಲಬ್ಬು ಬೇರೆ, ದೇಶ ಬೇರೆ ಎಂಬ ಪ್ರಶ್ನೆಯೇ ಎದುರಾಗಿರಲಾರದು.

ಅದೇ ವರ್ಷದ ಡಿಸೆಂಬರಿನಲ್ಲಿ ಬಂಗಾಳ ವಿಭಜನೆ ರದ್ದಾಯಿತು, ರಾಜಧಾನಿ ದೆಹಲಿಗೆ ಹೋಗುವುದೆಂದು ಘೋಷಣೆಯಾಯಿತು. ಫುಟ್‌ಬಾಲ್ ಪಂದ್ಯವೇ ಇದಕ್ಕೆ ಕಾರಣ ಎಂದು ಉತ್ಸಾಹದಲ್ಲಿ ಹೇಳುವವರಿದ್ದಾರೆ. ಅದನ್ನು ಒಪ್ಪಲು ಆಧಾರವಿಲ್ಲ. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ.

ಒಂದು ಊರು, ಮೂರು ಬಣ್ಣ

ಒಂಬತ್ತು ವರ್ಷಗಳಲ್ಲಿ ಚಿತ್ರ ಬದಲಾಯಿತು. 1920ರ ಜುಲೈ 28ರಂದು ಮೋಹನ್ ಬಗಾನ್ ವಿರುದ್ಧ ಜೋಡಾಬಗಾನ್ ಕ್ಲಬ್ಬಿನ ಪಂದ್ಯವಿತ್ತು. ಜೋಡಾಬಗಾನ್ ತಂಡದಿಂದ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕೈಬಿಡಲಾಯಿತು. ಆತ ಪೂರ್ವ ಬಂಗಾಳದವನು ಎಂಬ ಕಾರಣಕ್ಕೇ ಹೀಗಾಯಿತೆಂದು ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಸಿಟ್ಟಾದರು, ಕ್ಲಬ್ಬಿನಿಂದ ಹೊರನಡೆದರು. ನಾಲ್ಕನೆಯ ದಿನವೇ, ಅಂದರೆ ಆಗಸ್ಟ್ 1ರಂದು, ಈಸ್ಟ್ ಬೆಂಗಾಲ್ ಕ್ಲಬ್ ಹುಟ್ಟಿತು. ಕೆಂಪು ಮತ್ತು ಹೊನ್ನಿನ ಬಣ್ಣ ಅದರದ್ದು.

ತಮಾಷೆಯೆಂದರೆ, 1911ರಲ್ಲಿ ಮೋಹನ್ ಬಗಾನಿಗೆ ಶೀಲ್ಡ್ ತಂದುಕೊಟ್ಟವರಲ್ಲಿಯೂ ಹಲವರ ಮೂಲ ಪೂರ್ವ ಬಂಗಾಳವೇ ಆಗಿತ್ತು. ಅಂದು ಯಾರೂ ಅದನ್ನು ಲೆಕ್ಕಕ್ಕೆ ತಂದಿರಲಿಲ್ಲ. ಎದುರಿಗೆ ಬ್ರಿಟಿಷರಿದ್ದಾಗ ಎಲ್ಲರೂ ಒಂದೇ. ಎದುರಿಗಿರುವವನು ಪಕ್ಕದ ಬೀದಿಯವನಾದಾಗ ಯಾವ ಜಿಲ್ಲೆ, ಯಾವ ಮಾತಿನ ಧಾಟಿ ಎಂಬ ವಿಚಾರಣೆ ಶುರುವಾಗುತ್ತದೆ.

ಮೂರನೆಯ ಬಣ್ಣ ಕಪ್ಪು ಬಿಳುಪು. 1891ರ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ 1934ರಲ್ಲಿ ಕಲ್ಕತ್ತ ಲೀಗನ್ನು ಗೆದ್ದಿತು. 1898ರಲ್ಲಿ ಆರಂಭವಾಗಿದ್ದ ಆ ಲೀಗನ್ನು ಅದುವರೆಗೆ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. ಮೊಹಮ್ಮಡನ್ ತಂಡ 1938ರವರೆಗೆ ಸತತ ಐದು ವರ್ಷ ಗೆದ್ದಿತು. ಈ ಗೆಲುವಿಗೆ ಎರಡು ಕಾರಣಗಳನ್ನು ಹೇಳುತ್ತಾರೆ. ಮಳೆಗಾಲದ ಕೆಸರಿನಲ್ಲಿ ಬೂಟು ತೊಟ್ಟು ಆಡುವ ಅಭ್ಯಾಸ ಮಾಡಿಕೊಂಡದ್ದು ಒಂದು. ಬೆಂಗಳೂರೂ ಸೇರಿದಂತೆ ದೇಶದ ನಾನಾ ಊರುಗಳಿಂದ ಆಟಗಾರರನ್ನು ಕರೆತಂದದ್ದು ಇನ್ನೊಂದು. ಕ್ಲಬ್ಬಿನ ಗೆಲುವು ಒಂದು ಇಡೀ ಸಮುದಾಯಕ್ಕೆ ತಲೆಯೆತ್ತಿ ನಡೆಯುವ ಸಂತೋಷ ಕೊಟ್ಟಿತು. ಮುಂದೆ ದೇಶ ವಿಭಜನೆಯ ರಾಜಕೀಯ ಕಾವೇರಿದಾಗ ಅದೇ ಅಭಿಮಾನ ಜನರ ನಡುವೆ ಗೋಡೆಯನ್ನೂ ಎಬ್ಬಿಸಿತು. ಬೆಸೆಯುವ ಶಕ್ತಿಯೇ ಬೇರ್ಪಡಿಸುವ ಶಕ್ತಿಯೂ ಆಗಬಲ್ಲದು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಬೆಂಗಳೂರಿನವರು ಎಲ್ಲೆಲ್ಲಿಯೂ

ಇದೇ ಹೊತ್ತಿನಲ್ಲಿ ನಮ್ಮ ಬೆಂಗಳೂರಿನ ಫುಟ್‌ಬಾಲ್ ಕಲ್ಕತ್ತಕ್ಕೆ ಸರಿಸಾಟಿಯಾಗಿ ಬೆಳೆಯುತ್ತಿತ್ತು. 1891ರಿಂದ ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತದ್ದಲ್ಲ, ಬೆಂಗಳೂರು ಮುಸ್ಲಿಮ್ಸ್. ಆ ವರ್ಷ 1937. ಮರುವರ್ಷವೂ ಕಪ್ಪು ಅವರದೇ ಆಯಿತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47ರಲ್ಲಿ ಗೆದ್ದಿತು, 1952–53ರಲ್ಲಿ ಮತ್ತೊಮ್ಮೆ ಗೆದ್ದಿತು.

1947ರ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಕಲ್ಕತ್ತಕ್ಕೆ ಬಂದರು. ಮನೆ ಹೋಗಿತ್ತು, ಜಮೀನು ಹೋಗಿತ್ತು, ಊರಿನ ಹೆಸರು ಭೂಪಟದಲ್ಲಿ ಬೇರೆ ದೇಶಕ್ಕೆ ಸೇರಿಹೋಗಿತ್ತು. ಆ ಹೆಸರು ಉಳಿದುಕೊಂಡ ಒಂದು ಜಾಗವೆಂದರೆ ಫುಟ್‌ಬಾಲ್ ಕ್ಲಬ್ಬು. ಈಸ್ಟ್ ಬೆಂಗಾಲ್ ಗೆದ್ದ ದಿನ ಅವರ ಮನೆಗಳಲ್ಲಿ ಇಲಿಷ್ ಮೀನಿನ ಅಡುಗೆ. ಮೋಹನ್ ಬಗಾನ್ ಗೆದ್ದರೆ ಎದುರು ಮನೆಯಲ್ಲಿ ಸೀಗಡಿ. ಈ ಪದ್ಧತಿ ಇಂದಿಗೂ ಬಂಗಾಳದಲ್ಲಿ ಹಾಸ್ಯದ ಮಾತಾಗಿ ಉಳಿದಿದೆ.

1949ರಿಂದ 1951ರವರೆಗೆ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು. ಆ ತಂಡದ ಐವರು ಮುನ್ನಡೆ ಆಟಗಾರರನ್ನು ಜನ ‘ಪಂಚಪಾಂಡವರು’ ಎಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಈ ಐವರಲ್ಲಿ ಪೂರ್ವ ಬಂಗಾಳದವರು ಒಬ್ಬರೂ ಇಲ್ಲ. ಐವರೂ ದಕ್ಷಿಣ ಭಾರತದವರು! ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಿದ್ದ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು.

ಸ್ವಲ್ಪ ಯೋಚಿಸಿ. ತನ್ನ ಊರು ಕಳೆದುಕೊಂಡ ಬಂಗಾಳಿ ನಿರಾಶ್ರಿತನ ಆತ್ಮಗೌರವವನ್ನು ಬೆಂಗಳೂರಿನ ಆಟಗಾರನೊಬ್ಬ ಕಾಲಲ್ಲಿ ಹೊತ್ತು ಓಡಿದ. ನೋಡುವವನಿಗೆ ಆತನ ಭಾಷೆ ತಿಳಿಯದು, ಆಡುವವನು ಆ ಕಳೆದುಹೋದ ಊರನ್ನು ಕಂಡವನಲ್ಲ. ಆದರೂ ಇಬ್ಬರೂ ‘ನಾವು’ ಆದರು. ಕ್ಲಬ್ಬು ಮಾಡುವ ಕೆಲಸ ಇದು. ದೇಶದ ತಂಡದಲ್ಲಿ ಆಡಲು ಆ ದೇಶದ ಪ್ರಜೆಯಾಗಿರಬೇಕು. ಕ್ಲಬ್ಬಿಗೆ ಅಂಗಿ ತೊಟ್ಟು ಬೆವರು ಸುರಿಸಿದರೆ ಸಾಕು.

ದೇಶದ ಅಂಗಿ

ಸ್ವತಂತ್ರ ಭಾರತದ ತಂಡ ಮೊದಲ ಬಾರಿಗೆ ಒಲಿಂಪಿಕ್ಸ್ ಪಂದ್ಯ ಆಡಿದ್ದು 1948ರ ಜುಲೈ 31ರಂದು, ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ, ಫ್ರಾನ್ಸ್ ವಿರುದ್ಧ. ನಾಯಕ ನಾಗಾ ನಾಡಿನ ತಾಲಿಮೆರೆನ್ ಆವ್. ಬಹುಪಾಲು ಆಟಗಾರರು ಬರಿಗಾಲಿನವರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2–1ರಿಂದ ಗೆದ್ದಿತು. ಭಾರತದ ಆ ಒಂದು ಗೋಲು ಹೊಡೆದವರು ನಮ್ಮ ನಾಡಿನ ಸಾರಂಗಪಾಣಿ ರಾಮನ್.

1950ರ ವಿಶ್ವಕಪ್ಪಿಗೆ ಭಾರತ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವಾದ್ದರಿಂದ ಹೋಗಲಿಲ್ಲ ಎಂಬ ಕಥೆ ಬಹಳ ಜನಪ್ರಿಯ. ಆದರೆ ಫೆಡರೇಷನ್ ಅಂದು ಕೊಟ್ಟ ಕಾರಣಗಳು ಬೇರೆ: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯವಿಲ್ಲ ಎಂಬುದು. ಬೂಟು ಕಡ್ಡಾಯವಾದದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 1–10ರಿಂದ ಸೋತ ಬಳಿಕ. ಅಂದಿನ ಏಕೈಕ ಗೋಲು ಅಹ್ಮದ್ ಖಾನ್ ಅವರದು.

ಈ ಸೋಲಿನಿಂದ ಪಾಠ ಕಲಿತ ತಂಡ ಮೇಲೆದ್ದಿತು. ಹೈದರಾಬಾದಿನ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಅವರ ಕೈಯಲ್ಲಿ ಅದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಮೈಸೂರು ರಾಜ್ಯದ ಕೆಂಪಯ್ಯ ಆ ತಂಡದಲ್ಲಿದ್ದರು. 1962ರ ಸೆಪ್ಟೆಂಬರ್ 4ರಂದು ಜಕಾರ್ತಾದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದಿತು. ಇಸ್ರೇಲ್ ಮತ್ತು ತೈವಾನ್ ದೇಶಗಳಿಗೆ ಪ್ರವೇಶ ನಿರಾಕರಿಸಿದ್ದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಟೀಕಿಸಿದ್ದರಿಂದ ಅಲ್ಲಿಯ ಪ್ರೇಕ್ಷಕರೆಲ್ಲ ನಮ್ಮ ತಂಡಕ್ಕೆ ವಿರೋಧವಾಗಿದ್ದರು.

ಆ ತಂಡವನ್ನೊಮ್ಮೆ ನೋಡಿ. ನಾಯಕ ಚುನಿ ಗೋಸ್ವಾಮಿ, ರಕ್ಷಣೆಯ ಜರ್ನೈಲ್ ಸಿಂಗ್ ಮೋಹನ್ ಬಗಾನಿನವರು. ಬಲರಾಂ, ಅರುಣ್ ಘೋಷ್, ರಾಮ್ ಬಹಾದೂರ್ ಈಸ್ಟ್ ಬೆಂಗಾಲಿನವರು. ಮೊದಲ ಗೋಲು ಹೊಡೆದ ಪಿ.ಕೆ. ಬ್ಯಾನರ್ಜಿ ಈ ಎರಡೂ ಕ್ಲಬ್ಬುಗಳನ್ನು ಸೇರದೆ ಈಸ್ಟರ್ನ್ ರೈಲ್ವೆ ತಂಡದಲ್ಲಿದ್ದವರು. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ಮುಂಚೂಣಿಗೆ ಬಂದು ಎರಡನೆಯ ಗೋಲು ಹೊಡೆದರು. ಲೀಗ್ ಪಂದ್ಯದಲ್ಲಿ ಜರ್ನೈಲ್‌ರನ್ನು ಮನಸಾರೆ ಬಯ್ದಿದ್ದ ಈಸ್ಟ್ ಬೆಂಗಾಲ್ ಅಭಿಮಾನಿಯೂ ಆ ಗೋಲಿಗೆ ಹಿಗ್ಗಿರಬೇಕು. ದೇಶದ ತಂಡ ಆಕಾಶದಿಂದ ಇಳಿದು ಬಂದದ್ದಲ್ಲ. ವಾರವಾರವೂ ಪರಸ್ಪರ ಕಾದಾಡಿದ ಕ್ಲಬ್ಬುಗಳೇ ಅದನ್ನು ಕಟ್ಟಿದವು.

ನೇಪಲ್ಸಿನ ಪರೀಕ್ಷೆ

ಕ್ಲಬ್ಬು ಮತ್ತು ದೇಶ ಎದುರುಬದುರಾಗಿ ನಿಂತರೆ? ಈ ಪ್ರಶ್ನೆ ಅತ್ಯಂತ ಕಟುವಾಗಿ ಎದುರಾದದ್ದು ಇಟಲಿಯಲ್ಲಿ. ದಕ್ಷಿಣದ ನೇಪಲ್ಸ್ ಬಡ ಊರು. ಉತ್ತರದ ಸಿರಿವಂತ ನಗರಗಳವರು ಅಲ್ಲಿಯವರನ್ನು ಹೀಯಾಳಿಸುವುದು ಹಳೆಯ ಚಾಳಿ. 1984ರಲ್ಲಿ ಆ ಊರಿನ ನಾಪೋಲಿ ಕ್ಲಬ್ಬಿಗೆ ಅರ್ಜೆಂಟೀನಾದ ಡಿಯೆಗೊ ಮರಡೋನಾ ಬಂದರು. 1987ರಲ್ಲಿ ಮತ್ತು 1990ರಲ್ಲಿ ನಾಪೋಲಿ ಇಟಲಿಯ ಲೀಗನ್ನು ಗೆದ್ದಿತು. ಊರಿನ ಗೋಡೆಗೋಡೆಯ ಮೇಲೂ ಮರಡೋನಾರ ಚಿತ್ರ.

1990ರ ವಿಶ್ವಕಪ್ ಇಟಲಿಯಲ್ಲೇ ನಡೆಯಿತು. ಜುಲೈ 3ರ ಸೆಮಿಫೈನಲ್‌ನಲ್ಲಿ ಇಟಲಿಗೆ ಎದುರಾದದ್ದು ಅರ್ಜೆಂಟೀನಾ, ಆಟದ ಸ್ಥಳ ನೇಪಲ್ಸ್! ವರ್ಷದ ಒಂದು ದಿನ ಮಾತ್ರ ನಿಮ್ಮನ್ನು ಇಟಲಿಯವರೆಂದು ನೆನೆಯುತ್ತಾರೆ, ಉಳಿದ ದಿನಗಳಲ್ಲಿ ಪರಕೀಯರಂತೆ ಕಾಣುತ್ತಾರೆ ಎಂಬರ್ಥದ ಮಾತನ್ನು ಮರಡೋನಾ ಪಂದ್ಯಕ್ಕೆ ಮುನ್ನ ಆಡಿದರು. ಊರಿನವರಿಗೆ ಧರ್ಮಸಂಕಟ. ಮರಡೋನಾ, ನಿನ್ನನ್ನು ಪ್ರೀತಿಸುತ್ತೇವೆ, ಆದರೆ ಇಟಲಿ ನಮ್ಮ ತಾಯ್ನಾಡು ಎಂಬ ಭಾವದ ಬರಹಗಳು ಕ್ರೀಡಾಂಗಣದಲ್ಲಿ ಕಂಡವು. ಆಟ 1–1ರಲ್ಲಿ ನಿಂತು ಪೆನಾಲ್ಟಿಗಳಲ್ಲಿ ಅರ್ಜೆಂಟೀನಾ 4–3ರಿಂದ ಗೆದ್ದಿತು. ಐದು ದಿನಗಳ ನಂತರ ರೋಮ್ ನಗರದ ಫೈನಲ್‌ನಲ್ಲಿ ಅರ್ಜೆಂಟೀನಾದ ರಾಷ್ಟ್ರಗೀತೆಗೆ ಪ್ರೇಕ್ಷಕರು ಸಿಳ್ಳೆ ಹಾಕಿದರು.

ನೇಪಲ್ಸಿನವರು ಕೊಟ್ಟ ಉತ್ತರದಲ್ಲಿ ವಿವೇಕವಿದೆ. ಎರಡು ಪ್ರೀತಿಗಳಲ್ಲಿ ಒಂದನ್ನು ಸುಳ್ಳೆಂದು ಅವರು ಹೇಳಲಿಲ್ಲ. ಎರಡನ್ನೂ ಇಟ್ಟುಕೊಂಡು ಆ ಸಂಜೆಯ ನೋವನ್ನು ಅನುಭವಿಸಿದರು. 2020ರಲ್ಲಿ ಮರಡೋನಾ ತೀರಿಕೊಂಡಾಗ ಆ ಕ್ರೀಡಾಂಗಣಕ್ಕೆ ಅವರ ಹೆಸರನ್ನೇ ಇಟ್ಟರು.

ಎಲ್ಲೆಡೆಯೂ ಅಭಿಮಾನ ಈ ಹದದಲ್ಲಿ ಇರಲಿಲ್ಲ. 1980ರ ಆಗಸ್ಟ್ 16ರಂದು ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ನಡೆದ ಗಲಭೆ ಮತ್ತು ನೂಕುನುಗ್ಗಲಿನಲ್ಲಿ 16 ಮಂದಿ ಅಭಿಮಾನಿಗಳು ಸತ್ತರು. ಇನ್ನೊಂದು ಆಗಸ್ಟ್ ಇದಕ್ಕೆ ಉತ್ತರವಿತ್ತಂತಿತ್ತು. 2024ರ ಆಗಸ್ಟ್ 18ರಂದು ಇದೇ ಎರಡು ತಂಡಗಳ ಪಂದ್ಯ ಭದ್ರತೆಯ ಕಾರಣದಿಂದ ರದ್ದಾಯಿತು. ಆಸ್ಪತ್ರೆಯಲ್ಲಿ ಕೊಲೆಯಾದ ಯುವ ವೈದ್ಯೆಗೆ ನ್ಯಾಯ ಕೇಳಲು ಎರಡೂ ಕ್ಲಬ್ಬುಗಳ ಅಭಿಮಾನಿಗಳು, ಅವರೊಡನೆ ಮೊಹಮ್ಮಡನ್ ಅಭಿಮಾನಿಗಳೂ, ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತರು. ಮೂರು ಬಣ್ಣದ ಬಾವುಟಗಳು ಒಂದೇ ಬೀದಿಯಲ್ಲಿ ಹಾರಿದವು.

ಎರಡು ಸಂಖ್ಯೆಗಳು

ಈಗ ಎರಡು ಸಂಖ್ಯೆಗಳನ್ನು ನಿಮ್ಮ ಮುಂದಿಡುತ್ತೇನೆ. 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಸೆಣಸಿದವು. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದು ಈಸ್ಟ್ ಬೆಂಗಾಲನ್ನು 4–1ರಿಂದ ಗೆಲ್ಲಿಸಿದ ಆ ಪಂದ್ಯಕ್ಕೆ ಬಂದಿದ್ದ ಪ್ರೇಕ್ಷಕರು ಸುಮಾರು 1,31,000. ಎರಡನೆಯದು 2018ರ ಜೂನ್ 1ರದ್ದು. ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿತು. ನಾಯಕ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ನೋಡಲು ಬಂದಿದ್ದವರು 2,569 ಮಂದಿ. ಬಯ್ಯುವುದಾದರೂ ಸರಿ, ಬಂದು ನೋಡಿ ಬಯ್ಯಿರಿ ಎಂದು ಛೆಟ್ರಿ ಜನರಲ್ಲಿ ಬೇಡಿಕೊಳ್ಳಬೇಕಾಯಿತು. ಜೂನ್ 4ರಂದು ಕೆನ್ಯಾ ವಿರುದ್ಧ ನಡೆದ ಮುಂದಿನ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಮಾರಾಟವಾದವು. ಅದು ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ.

ದೇಶಪ್ರೇಮ ಕಡಿಮೆಯಾಯಿತೆಂದು ಇದನ್ನು ಓದಬಾರದು. ಕಲ್ಕತ್ತದ ಆ ಜನಸ್ತೋಮದ ಹಿಂದೆ ತಾತ, ತಂದೆ, ಮಗ ಹೀಗೆ ಮೂರು ತಲೆಮಾರಿನ ರೂಢಿಯಿತ್ತು. ರೂಢಿಯಿಲ್ಲದ ಕಡೆ ಮನವಿ ಮಾಡಿದರೆ ಜನ ಒಂದು ದಿನ ಬರುತ್ತಾರೆ. ಮರುದಿನ ಮತ್ತೆ ಮನವಿ ಮಾಡಬೇಕಾಗುತ್ತದೆ.

ಆಡಳಿತದ ಮಟ್ಟದಲ್ಲಿಯೂ ಕ್ಲಬ್ಬು ಮತ್ತು ದೇಶದ ನಡುವೆ ಎಳೆದಾಟ ಇದ್ದೇ ಇದೆ. ಫಿಫಾ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ಕ್ಲಬ್ಬುಗಳು ಆಟಗಾರರನ್ನು ದೇಶಕ್ಕೆ ಬಿಟ್ಟುಕೊಡಲೇಬೇಕು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ ಆ ದಿನಗಳ ಹೊರಗಿತ್ತು; ನಮ್ಮ ಲೀಗ್ ಶುರುವಾಗುವ ಹೊತ್ತೂ ಅದೇ ಆಗಿತ್ತು. ಕ್ಲಬ್ಬುಗಳು ಹಲವು ಆಟಗಾರರನ್ನು ಬಿಡಲಿಲ್ಲ. ಅವಸರದಲ್ಲಿ ಕಟ್ಟಿದ ತಂಡ ಸೆಪ್ಟೆಂಬರ್ 19ರಂದು ಚೀನಾಕ್ಕೆ 1–5ರಿಂದ ಸೋತಿತು.

ಇನ್ನು ನಮ್ಮ ಮನೆಯ ಲೆಕ್ಕ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವ ಒಂದು ಪೀಳಿಗೆಯನ್ನು ಅದು ಸೃಷ್ಟಿಸಿತು. ಆದರೆ 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದದ್ದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆ ತಂಡದ ಇಬ್ಬರ ಹೆಸರನ್ನು ಹೇಳಬಲ್ಲಿರಾ?

ದೂರದ ತಂಡವನ್ನು ಮೆಚ್ಚುವುದು ತಪ್ಪೆಂದು ನಾನು ಹೇಳಲಾರೆ. ಬೆಂಗಳೂರಿನ ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೇ ಇದೆ. ಅಲ್ಲಿಯ ಹುಡುಗರು ಆ ಪ್ರತಿಮೆಯ ಆಸುಪಾಸಿನಲ್ಲಿ ತಾವೂ ಚೆಂಡು ಒದೆಯುತ್ತಾರೆ. ಅಭಿಮಾನ ಆಟಕ್ಕೆ ಹತ್ತಿರ ತಂದರೆ ಒಳ್ಳೆಯದು, ಸೋಫಾದ ಮೇಲೆ ಕೂರಿಸಿಬಿಟ್ಟರೆ ನಷ್ಟ. ಟೆಲಿವಿಷನ್ ಕೆಲಸ ಮಾಡುವವನೇ ಈ ಮಾತು ಹೇಳುತ್ತಿರುವುದು ವಿಚಿತ್ರವಾಗಿ ಕಾಣಬಹುದು. ಆದರೆ ಕ್ಯಾಮೆರಾಗೆ ಚೆಂಡು ಕಾಣುತ್ತದೆ, ಗೋಲು ಕಾಣುತ್ತದೆ. ಪಕ್ಕದಲ್ಲಿ ನಿಂತು ಕೂಗುವ ಅಪರಿಚಿತನ ಹೆಗಲು ನಿಮಗೆ ತಾಗುವುದಿಲ್ಲ.

ಪರೀಕ್ಷೆಯ ಫಲಿತಾಂಶಕ್ಕೆ ಬರೋಣ. ಎರಡು ಅಭಿಮಾನಗಳು ಒಂದೇ ಪದಾರ್ಥವಲ್ಲ. ದೇಶದ ಅಭಿಮಾನ ನಮಗೆ ಹುಟ್ಟಿನಿಂದ ಬಂದದ್ದು, ಬೇಡವೆಂದರೂ ಬಿಡದು. ಕ್ಲಬ್ಬಿನ ಅಭಿಮಾನ ನಾವು ಕಾಲ ಕೊಟ್ಟು, ಸೋಲು ತಿಂದು, ವಾರವಾರವೂ ಹೋಗಿ ಬೆಳೆಸಿಕೊಂಡದ್ದು. ಆದರೆ ಮೊದಲನೆಯದಕ್ಕೆ ನೀರು ಬರುವುದು ಎರಡನೆಯದರಿಂದ. ಕೆರೆಗಳು ಬತ್ತಿದ ಸೀಮೆಯಲ್ಲಿ ಬಾವಿಯೂ ತುಂಬುವುದಿಲ್ಲ ಎಂಬುದು ನಮ್ಮ ರೈತರಿಗೆ ಗೊತ್ತಿರುವ ಮಾತು. ರಾಮನ್, ಅಹ್ಮದ್ ಖಾನ್, ಕೆಂಪಯ್ಯ ದೇಶದ ಅಂಗಿ ತೊಡುವ ಮೊದಲು ಯಾವುದೋ ಮೈದಾನದ ಅಂಚಿನಲ್ಲಿ ನಿಂತವರು ಅವರ ಆಟ ನೋಡಿ ಚಪ್ಪಾಳೆ ತಟ್ಟಿದ್ದರು.

ನಿಮ್ಮ ಕಾಲೇಜು, ನಿಮ್ಮ ಬಡಾವಣೆ, ನಿಮ್ಮ ಜಿಲ್ಲೆಯ ತಂಡ ಈ ವಾರ ಎಲ್ಲಿ ಆಡುತ್ತಿದೆ ಎಂದು ವಿಚಾರಿಸಿ. ಬೆಂಗಳೂರಿನವರಾದರೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ದಾರಿ ಕೇಳಿ. ಒಬ್ಬ ಗೆಳೆಯನನ್ನು, ಒಬ್ಬ ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಆಟ ಮುಗಿದ ಮೇಲೆ ಒಬ್ಬ ಆಟಗಾರನ ಹೆಸರನ್ನಾದರೂ ಬರೆದಿಟ್ಟುಕೊಳ್ಳಿ.